ಹುಸೇನಪ್ಪ, ಹುಸೇನಮ್ಮ: ಹರಕೆಯ ಹೆಸರು ಇಡಬೇಕಾ, ಬೇಡವಾ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಳ್ಳಿ. ಮದುವೆಯಾಗಿ ಬಹಳ ವರ್ಷಕ್ಕೆ ಈಗ ಬಸುರಿ. ಏಳು ತಿಂಗಳು. ನಮ್ಮತ್ತೆ ಮುದಗಲ್ಲಿನ ಅಲಾಯಿ ದೇವರಿಗೆ, ಅಂದರೆ ಮೊಹರಂ ಹಬ್ಬದ ದೇವರಿಗೆ, ಹರಕೆ ಹೊತ್ತಿದ್ದಾರೆ. ಗಂಡಾದರೆ ಹುಸೇನಪ್ಪ, ಹೆಣ್ಣಾದರೆ ಹುಸೇನಮ್ಮ ಅಂತ ಹೆಸರಿಡಬೇಕಂತೆ. ನಾವು ಹಿಂದೂಗಳು. ನನ್ನ ತಮ್ಮ "ಅದು ಸಾಬರ ಹೆಸರು, ನಾಳೆ ಜಾತಿ ಸರ್ಟಿಫಿಕೇಟಿಗೆ ತೊಂದ್ರಿ ಆಗ್ತದ" ಅಂತಾನೆ. ಯಜಮಾನರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಮಗು ಅಲ್ಲೇ ಓದಬೇಕು. ಅವರಿಗೆ ಶಾಲೆಯದೇ ಚಿಂತೆ. ನಾದಿನಿ ಮಾತ್ರ "ಅಪ್ಪ, ಅಮ್ಮ ತೆಗೆದು ಬರೀ ಹುಸೇನ್ ಅಂತ ಇಡ್ರಿ, ಗಂಡಿಗೂ ಆಗ್ತದ, ಹೆಣ್ಣಿಗೂ ಆಗ್ತದ" ಅಂತಾಳೆ. ಅತ್ತೆಯ ಮನಸ್ಸು ನೋಯಿಸಲು ನನಗೆ ಇಷ್ಟವಿಲ್ಲ. ಏನು ಮಾಡಲಿ ಮೇಡಂ?

ಉತ್ತರ: ತಂಗಿ, ನಿಮ್ಮ ಮನೆಯಲ್ಲಿ ನಾಲ್ಕು ಜನ ನಾಲ್ಕು ಮಾತು ಹೇಳಿದ್ದಾರೆ. ನಾಲ್ಕರಲ್ಲೂ ಒಂದಿಷ್ಟು ಹುರುಳಿದೆ, ನಿಮ್ಮ ತಮ್ಮನ ಮಾತಿನಲ್ಲಿ ಮಾತ್ರ ಸ್ವಲ್ಪ ಕಡಿಮೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಡಬಹುದು. ನಿಮಗೂ ನಿಮ್ಮ ಯಜಮಾನರಿಗೂ ಒಪ್ಪಿಗೆ ಇದ್ದರೆ ಧೈರ್ಯವಾಗಿ ಇಡಿ, ದಾಖಲೆಯಲ್ಲೇ ಇಡಿ. ಒಪ್ಪಿಗೆ ಇಲ್ಲದಿದ್ದರೆ ಅತ್ತೆಯ ಹರಕೆ ತೀರಿಸಲು ಬೇರೆ ದಾರಿಯೂ ಇದೆ, ಅದನ್ನೂ ಮುಂದೆ ಬರೆದಿದ್ದೇನೆ. ಆದರೆ "ಅದು ಸಾಬರ ಹೆಸರು" ಅನ್ನೋ ಒಂದೇ ಕಾರಣಕ್ಕೆ ಬಿಡುವುದಾದರೆ, ಬಿಡುವ ಮೊದಲು ನಮ್ಮ ಸೀಮೆಯ ಹೆಸರುಗಳನ್ನು ಒಂದು ಸಲ ಸರಿಯಾಗಿ ನೋಡಿ.

ನಮ್ಮ ಕಡೆ ಹೆಸರು ಬರುವುದು ಪಂಚಾಂಗದಿಂದ ಕಡಿಮೆ, ಜಾತ್ರೆಯಿಂದ ಜಾಸ್ತಿ. ಯಾವ ದೇವರಿಗೆ ನಡೆದುಕೊಳ್ಳುತ್ತೇವೋ ಆ ದೇವರ ಹೆಸರು ಮಗುವಿಗೆ. ತುಂಗಭದ್ರೆಯ ದಂಡೆಯ ಹುಲಿಗಿಯಿಂದ ಹುಲಿಗೆಮ್ಮ ಬಂದಳು, ಹುಲುಗಪ್ಪನೂ ಬಂದ. ಕೊಪ್ಪಳದ ಗವಿಮಠದಿಂದ ಗವಿಸಿದ್ದಪ್ಪ, ಗವಿಸಿದ್ದಮ್ಮ. ನಿಮ್ಮ ತಾಲ್ಲೂಕಿನದೇ ಗುರುಗುಂಟಾ ಅಮರೇಶ್ವರನಿಂದ ಅಮರೇಶ, ಅಮರಮ್ಮ. ಕನಕಗಿರಿಯ ಕನಕಾಚಲಪತಿಯಿಂದ ಕನಕಪ್ಪ, ಕನಕಮ್ಮ. ಬಳ್ಳಾರಿ ಕಡೆ ಹೋದರೆ ದುರುಗಪ್ಪ, ದುರುಗಮ್ಮ. ಅಲ್ಲೇ ಆಂಧ್ರದ ಗಡಿ ಹತ್ತಿರದ ಚೇಳಗುರ್ಕಿಯ ಎರ್ರಿತಾತನಿಂದ ಎರ್ರಿಸ್ವಾಮಿ, ಎರ್ರೆಮ್ಮ. ಹಂಪಿಯಿಂದ ಪಂಪಾಪತಿ, ಪಂಪಮ್ಮ. ಕೊಟ್ಟೂರಿನಿಂದ ಕೊಟ್ರೇಶ, ಕೊಟ್ರಮ್ಮ.

ಇಲ್ಲಿ ಒಂದು ಸ್ವಾರಸ್ಯ ಇದೆ. ದೇವರು ಹೆಣ್ಣೋ ಗಂಡೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಹುಲಿಗೆಮ್ಮ ತಾಯಿ, ಆದರೂ ಅವಳ ಹೆಸರಿನ ಗಂಡಸರು ಊರ ತುಂಬ ಇದ್ದಾರೆ. ಅಮರೇಶ್ವರ ಲಿಂಗರೂಪಿ, ಆದರೂ ಅಮರಮ್ಮಂದಿರಿಗೆ ಬರವಿಲ್ಲ. ಗಂಡೋ ಹೆಣ್ಣೋ ಅಂತ ಹೇಳುವ ಕೆಲಸ ಅಪ್ಪ, ಅಮ್ಮ ಅನ್ನೋ ಬಾಲದ್ದು. ಅದಕ್ಕೇ ನಿಮ್ಮತ್ತೆ ಹೊಟ್ಟೆಯಲ್ಲಿರುವ ಕೂಸಿಗೆ ಈಗಲೇ ಹೆಸರು ಗಟ್ಟಿ ಮಾಡಿ ಇಟ್ಟುಕೊಂಡಿದ್ದಾರೆ. ಮಗು ಯಾವುದು ಅಂತ ಮುಂಚೆ ತಿಳಿಯುವ ಅಗತ್ಯವೇ ಅವರಿಗಿಲ್ಲ. (ತಿಳಿಯಲು ಹೋಗುವುದು 1994ರ ಕಾಯ್ದೆ ಪ್ರಕಾರ ಅಪರಾಧವೂ ಹೌದು. ಆ ವಿಷಯದಲ್ಲಿ ನಿಮ್ಮತ್ತೆ ಕಾನೂನಿಗಿಂತ ಮುಂದಿದ್ದಾರೆ.)

ಈಗ ಇದೇ ಸಾಲಿನಲ್ಲಿ ಇನ್ನೊಂದಿಷ್ಟು ಹೆಸರು ಸೇರಿಸಿ ಓದಿ. ಫಕೀರಪ್ಪ, ಫಕೀರಮ್ಮ. ಮೌಲಪ್ಪ, ಮೌಲಮ್ಮ. ಲಾಲಪ್ಪ, ಲಾಲಮ್ಮ. ಪೀರಪ್ಪ, ಪೀರಮ್ಮ. ಖಾಜಪ್ಪ, ಖಾಜಮ್ಮ. ಹುಸೇನಪ್ಪ, ಹುಸೇನಮ್ಮ. ಓದುವಾಗ ಎಲ್ಲಾದರೂ ಎಡವಿದಿರಾ? ಇಲ್ಲ ಅಲ್ವಾ? ಇವರಲ್ಲಿ ಎಷ್ಟೋ ಜನರ ಹಣೆಯಲ್ಲಿ ವಿಭೂತಿ ಇರುತ್ತದೆ, ಎಷ್ಟೋ ಜನರ ಕೊರಳಲ್ಲಿ ಲಿಂಗ ಇರುತ್ತದೆ. ಕುರುಬರು, ನಾಯಕರು, ಮಾದಿಗರು, ಲಿಂಗಾಯತರು, ಕಬ್ಬಲಿಗರು, ಹೀಗೆ ಎಲ್ಲರ ಮನೆಯಲ್ಲೂ ಈ ಹೆಸರುಗಳಿವೆ. ಹಳೇ ಪಹಣಿ ತೆಗೆದು ನೋಡಿ, ಹಳೇ ಮತದಾರರ ಪಟ್ಟಿ ನೋಡಿ. ತಂದೆಯ ಹೆಸರು ಬಸಪ್ಪ, ಮಗನ ಹೆಸರು ಹುಸೇನಪ್ಪ, ಮೊಮ್ಮಗನ ಹೆಸರು ಮತ್ತೆ ಬಸವರಾಜ. ಯಾರೂ ಧರ್ಮ ಬಿಟ್ಟು ಹೋಗಿ ವಾಪಸ್ ಬಂದದ್ದಲ್ಲ ಅದು. ನಡುವೆ ಒಂದು ಹರಕೆ ಬಂದು ಹೋಗಿದೆ, ಅಷ್ಟೇ.

ಬಳ್ಳಾರಿ ಕಡೆಯ 'ಹೊನ್ನೂರ' ಅನ್ನೋ ಹೆಸರಂತೂ ಎಲ್ಲಾ ಗೆರೆಗಳನ್ನೂ ದಾಟಿಬಿಟ್ಟಿದೆ. ಹೊನ್ನೂರಪ್ಪ, ಹೊನ್ನೂರಮ್ಮ, ಹೊನ್ನೂರಸ್ವಾಮಿ ಅಂದರೆ ಹಿಂದೂಗಳು. ಹೊನ್ನೂರವಲಿ, ಹೊನ್ನೂರಸಾಬ, ಹೊನ್ನೂರಬಿ ಅಂದರೆ ಮುಸ್ಲಿಮರು. ಒಂದೇ ಓಣಿಯಲ್ಲಿ ಆರೂ ಸಿಗಬಹುದು. ಹೊನ್ನೂರ ಅಂತ ಅರ್ಧಕ್ಕೆ ಕೂಗಿದರೆ ಯಾರು ಓಗೊಡುತ್ತಾರೋ ಹೇಳಲಾಗದು.

ಇನ್ನು ಹುಸೇನ ಯಾರು ಅನ್ನೋದು. ನಿಮ್ಮ ತಮ್ಮನಿಗೆ ಇದನ್ನು ಓದಿ ಹೇಳಿ. ಪ್ರವಾದಿ ಮುಹಮ್ಮದರ ಮಗಳು ಫಾತಿಮಾ, ಅಳಿಯ ಅಲಿ. ಅವರ ಮಕ್ಕಳು ಹಸನ್ ಮತ್ತು ಹುಸೇನ್. ಕ್ರಿಸ್ತಶಕ 680ರಲ್ಲಿ, ಈಗಿನ ಇರಾಕಿನ ಕರ್ಬಲಾ ಎಂಬಲ್ಲಿ, ಯಜೀದನ ಆಳ್ವಿಕೆಗೆ ತಲೆಬಾಗಲು ಒಪ್ಪದ ಹುಸೇನರನ್ನು ಅವರ ಮನೆಯವರು ಮತ್ತು ಸಂಗಡಿಗರ ಸಮೇತ ಸುತ್ತುಗಟ್ಟಿದರು. ನದಿ ಹತ್ತಿರದಲ್ಲೇ ಇದ್ದರೂ ನೀರು ಮುಟ್ಟಲು ಬಿಡಲಿಲ್ಲ. ಮೊಹರಂ ತಿಂಗಳ ಹತ್ತನೇ ದಿನ ಹುಸೇನರು ಸತ್ತರು. ನಮ್ಮ ಹಳ್ಳಿಗಳಲ್ಲಿ ಹೆಜ್ಜೆ ಮೇಳದವರು ಹಾಡುವ ರಿವಾಯತ್ ಪದಗಳಲ್ಲಿ ಈ ನೀರಡಿಕೆಯ ಕಥೆ ಮತ್ತೆ ಮತ್ತೆ ಬರುತ್ತದೆ. ಮಳೆಗೆ ಮುಗಿಲು ನೋಡುವ ಸೀಮೆ ನಮ್ಮದು. ನೀರಿಲ್ಲದೆ ಸತ್ತ ಮಕ್ಕಳ ಕಥೆ ಇಲ್ಲಿಯವರಿಗೆ ನಾಟಿದ್ದರಲ್ಲಿ ಆಶ್ಚರ್ಯವೇನಿದೆ?

ಕಥೆ ಇಲ್ಲಿಗೆ ಬಂದ ದಾರಿಯೂ ಗೊತ್ತಿರಲಿ. ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಬಡಿದಾಡಿದರು. ರಾಯಚೂರು, ಮುದಗಲ್ಲು ಕೋಟೆಗಳು ಕೈಯಿಂದ ಕೈಗೆ ಹೋದವು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ. 1565ರ ಯುದ್ಧದ ಮೇಲೆ ಮತ್ತೆ ಬಿಜಾಪುರದ ಆದಿಲಶಾಹಿಗಳ ಕೈಗೆ ಹೋಯಿತು. ಆ ಸುಲ್ತಾನರಲ್ಲಿ ಕೆಲವರು ಶಿಯಾ ಪಂಥದವರು, ಮೊಹರಂ ಅವರಿಗೆ ದೊಡ್ಡದು. ಆಮೇಲೆ ಮೊಘಲರು ಬಂದರು, ನಿಜಾಮರು ಬಂದರು, 1948ರಲ್ಲಿ ಅವರೂ ಹೋದರು. ಇಷ್ಟು ರಾಜರು ಬಂದು ಹೋದರೂ ಹಬ್ಬ ಉಳಿಯಿತು, ಯಾಕಂದರೆ ಅದು ಆಗಲೇ ಊರಿನವರ ಕೈಗೆ ಬಂದಿತ್ತು. ಇವತ್ತಿಗೂ ಒಂದೇ ಒಂದು ಮುಸ್ಲಿಂ ಮನೆ ಇಲ್ಲದ ಹಳ್ಳಿಗಳಲ್ಲಿ ಅಲಾಯಿ ಕುಣಿಗೆ, ಅಂದರೆ ಮೊಹರಂ ಬೆಂಕಿಯ ಗುಂಡಿಗೆ, ಗುದ್ದಲಿ ಹಾಕುತ್ತಾರೆ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಇಂಥ ಊರುಗಳಿವೆ. ಮುದಗಲ್ಲಿನ ಹಬ್ಬಕ್ಕಂತೂ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಿಮಗೆ ನಾನು ಹೇಳಬೇಕಾಗಿಲ್ಲ, ನೀವು ಅಲ್ಲಿಯವರೇ.

ಆದರೂ ಹರಕೆ ಹೇಗೆ ನಡೆಯುತ್ತದೆ ಅಂತ ಬರೆಯುತ್ತೇನೆ, ನಿಮ್ಮ ಯಜಮಾನರು ಓದಲಿ ಅಂತ. ಬೆಂಗಳೂರಿಗೆ ಹೋದವರು ಕೆಲವೊಂದು ಮರೆತಿರುತ್ತಾರೆ. ದೇವರು ಕೂತ ಮೇಲೆ, ಅಂದರೆ ದೇವರ ಗುರುತಾದ ಆಲಂಗಳನ್ನು (ಪಂಜಾಗಳನ್ನು) ಶೃಂಗಾರ ಮಾಡಿ ನಿಲ್ಲಿಸಿದ ಮೇಲೆ, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಕೈಯಲ್ಲಿ ಸಕ್ಕರೆ ಪೊಟ್ಟಣ, ಊದು, ಕೆಲವರ ಕೈಯಲ್ಲಿ ಮನೆಯಲ್ಲಿ ಮಾಡಿದ ಚೋಂಗೆ, ಮಾಲ್ದಿಯಂಥ ಸಿಹಿ. ದೇವರ ಸೇವೆ ಮಾಡುವ ಮುಜಾವರರಿಂದ ಸಕ್ಕರೆ ಓದಿಸುತ್ತಾರೆ, ಅಂದರೆ ಅದರ ಮೇಲೆ ಪ್ರಾರ್ಥನೆ ಹೇಳಿಸುತ್ತಾರೆ. ಮುಜಾವರರು ನವಿಲುಗರಿಯ ಕಟ್ಟಿನಿಂದ ಮಗುವಿನ ತಲೆ ಸವರುತ್ತಾರೆ. ಊದಿನ ಬೂದಿ ಹಣೆಗೆ ಹಚ್ಚುತ್ತಾರೆ. ಫಕೀರ ಮಾಡುವ ಹರಕೆ ಇದ್ದರೆ ಮಗುವಿನ ಕೊರಳಿಗೆ ಬಣ್ಣದ ದಾರ ಬೀಳುತ್ತದೆ, ಆ ಮಗು ಹಬ್ಬ ಮುಗಿಯುವ ತನಕ ಫಕೀರ. ನಾಲ್ಕು ಮನೆಗೆ ಹೋಗಿ ಬೇಡಿ ತಂದು ಊಟ ಮಾಡಬೇಕು. ಮೂರು ವರ್ಷದ ಫಕೀರ ಅಮ್ಮನ ಸೊಂಟದ ಮೇಲೆ ಕೂತು ಭಿಕ್ಷೆ ಬೇಡುವುದನ್ನು ನೋಡಬೇಕು ನೀವು. ಭಿಕ್ಷೆ ಹಾಕುವವರು ಅವನ ಕೆನ್ನೆ ಹಿಂಡದೆ ಬಿಡುವುದಿಲ್ಲ. ಮರುವರ್ಷ ಅದೇ ಮಗು ಚಡ್ಡಿ ಜೇಬಿನ ತುಂಬ ಸಕ್ಕರೆ ತುಂಬಿಕೊಂಡು ಹುಲಿ ವೇಷದವರ ಹಿಂದೆ ಓಡುತ್ತಿರುತ್ತದೆ.

ಈ ಫಕೀರ ಮಾಡುವ ಹರಕೆಯ ಒಳಗೆ ಒಂದು ಹಳೆಯ ಭಯ ಇದೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮಗುವನ್ನು "ಇದು ನಮ್ಮದಲ್ಲ, ನಿನ್ನದು" ಅಂತ ದೇವರಿಗೆ ಒಪ್ಪಿಸುತ್ತಿದ್ದರು. ತಿಪ್ಪೆಯಲ್ಲಿ ಸಿಕ್ಕಿದ್ದು ಅಂತ ತಿಪ್ಪಣ್ಣ, ತಿಪ್ಪಮ್ಮ. ಅಡವಿಯಲ್ಲಿ ಸಿಕ್ಕಿದ್ದು ಅಂತ ಅಡಿವೆಪ್ಪ, ಅಡಿವೆಮ್ಮ. ಫಕೀರನಿಗೆ ಕೊಟ್ಟದ್ದು ಅಂತ ಫಕೀರಪ್ಪ, ಫಕೀರಮ್ಮ. ಸಾವು ಮೋಸ ಹೋಗಲಿ ಅಂತ ಇಟ್ಟ ಹೆಸರುಗಳು ಇವು. ನಿಮಗೆ ಬಹಳ ವರ್ಷ ಮಗು ಆಗಲಿಲ್ಲ ಅಂತ ಬರೆದಿದ್ದೀರಿ. ನಿಮ್ಮತ್ತೆ ಹರಕೆ ಹೊತ್ತದ್ದು ಯಾವ ರಾತ್ರಿ, ಎಂಥ ಸಂಕಟದಲ್ಲಿ ಅನ್ನೋದು ಅವರಿಗೇ ಗೊತ್ತು. ನಿಮ್ಮನ್ನು ಬೈಯದೆ ದೇವರ ಹತ್ತಿರ ಹೋಗಿ ಕೇಳಿದ ಅತ್ತೆ ಅವರು. ಅದನ್ನು ಸಣ್ಣದು ಅಂತ ತಿಳಿಯಬೇಡಿ.

ಸರಿ, ಈಗ ನಿಮ್ಮ ತಮ್ಮನ ಮಾತಿಗೆ ಬರೋಣ. ಜಾತಿ ಪ್ರಮಾಣಪತ್ರ ಕೊಡುವುದು ತಂದೆ ತಾಯಿಯ ಜಾತಿ ನೋಡಿ, ಮನೆತನದ ದಾಖಲೆ ನೋಡಿ. ಮಗುವಿನ ಹೆಸರು ನೋಡಿ ಅಲ್ಲ. ನಾಡಕಚೇರಿಗೆ ಅರ್ಜಿ ಹೋದರೆ ವಿಚಾರಣೆ ಆಗುವುದು ತಂದೆಯ ಜಾತಿ ಯಾವುದು ಅಂತ. ಹುಸೇನಪ್ಪ ಅನ್ನೋ ಹೆಸರಿನವರು ತಲೆಮಾರುಗಳಿಂದ ಜಾತಿ ಪ್ರಮಾಣಪತ್ರ ತಗೊಂಡಿದ್ದಾರೆ, ನೌಕರಿ ಮಾಡಿದ್ದಾರೆ, ಚುನಾವಣೆಗೂ ನಿಂತಿದ್ದಾರೆ. ನಿಮ್ಮ ಕಡೆಯ ತಹಶೀಲ್ದಾರ್ ಕಚೇರಿಯ ಗುಮಾಸ್ತರಿಗೆ ಈ ಹೆಸರು ಹೊಸದೇನಲ್ಲ.

ಆದರೆ ತಮ್ಮನ ಭಯದಲ್ಲಿ ಒಂದು ಕಾಳು ಸತ್ಯ ಇದೆ. ತೊಂದರೆ ಬರುವುದಿದ್ದರೆ ನಾಡಕಚೇರಿಯಲ್ಲಿ ಅಲ್ಲ, ದೂರದ ಊರಿನ ಶಾಲೆಯ ಕಚೇರಿಯಲ್ಲಿ ಬರುತ್ತದೆ. ದಾಖಲಾತಿ ಫಾರ್ಮ್ ತುಂಬುವಾಗ ಹೆಸರು ನೋಡಿ, ಕೇಳದೇನೇ, ಧರ್ಮದ ಕಾಲಮ್ಮಿನಲ್ಲಿ ಇಸ್ಲಾಂ ಅಂತ ಬರೆದುಬಿಡುವವರು ಇರುತ್ತಾರೆ. ಕೆಟ್ಟ ಉದ್ದೇಶದಿಂದ ಅಲ್ಲ, ಅವರಿಗೆ ಗೊತ್ತಿರುವುದಿಲ್ಲ. ಅದು ಹಾಗೇ ಶಾಲಾ ರಿಜಿಸ್ಟರಿಗೆ ಹೋಗುತ್ತದೆ, ಅಲ್ಲಿಂದ ಟಿಸಿಗೆ. ಹದಿನೈದು ವರ್ಷ ಆದ ಮೇಲೆ ಸರಿ ಮಾಡಿಸಲು ಹೋದರೆ ಚಪ್ಪಲಿ ಸವೆಯುತ್ತದೆ. ಹಾಗಾಗಿ ಫಾರ್ಮನ್ನು ನೀವೇ ತುಂಬಿ. ಧರ್ಮ, ಜಾತಿ, ಉಪಜಾತಿ ಮೂರನ್ನೂ ನಿಮ್ಮ ಕೈಯಲ್ಲೇ ಬರೆಯಿರಿ. ರಿಜಿಸ್ಟರಿನಲ್ಲಿ ಏನು ಏರಿಸಿದ್ದಾರೆ ಅಂತ ಕೇಳಿ ನೋಡಿ. ಅದು ಪೋಷಕರ ಹಕ್ಕು, ನಾಚಿಕೆ ಬೇಡ.

ನಿಮ್ಮ ಯಜಮಾನರ ಚಿಂತೆಯನ್ನು ನಾನು ಇಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ. ರಾಯಚೂರಿನಲ್ಲಿ ಹುಸೇನಮ್ಮ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಬೆಂಗಳೂರಿನಲ್ಲಿ ನೋಡುತ್ತಾರೆ. "ನೀವು ಮುಸ್ಲಿಮಾ?" ಅಂತ ಕೇಳುತ್ತಾರೆ. ಅಲ್ಲ ಅಂದರೆ "ಮತ್ತೆ ಈ ಹೆಸರು?" ಅಂತಾರೆ. ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿದ ಮೇಲೆ ಮನೆ ಇಲ್ಲ ಅನ್ನುವವರೂ ಇರುತ್ತಾರೆ. ಈ ಕಾಲ ಹಾಗಿದೆ, ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಹೆಸರಿಡುವುದು ನೀವು, ಆ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ಮಗು. ಉತ್ತರ ಮಗುವಿನ ಬಾಯಲ್ಲಿ ಇರುವ ಹಾಗೆ ನೀವು ಬೆಳೆಸುತ್ತೀರಾ? "ನಮ್ಮ ಅಜ್ಜಿ ಮುದಗಲ್ಲಿನ ದೇವರಿಗೆ ಬೇಡಿಕೊಂಡಿದ್ದಳು, ಅದಕ್ಕೇ ಈ ಹೆಸರು" ಅಂತ ಆರು ವರ್ಷದ ಮಗು ಹೇಳಬಲ್ಲದು, ಮನೆಯಲ್ಲಿ ಅದನ್ನು ಖುಷಿಯಿಂದ ಹೇಳಿಕೊಟ್ಟಿದ್ದರೆ. ಮನೆಯಲ್ಲೇ ಮುಚ್ಚಿಟ್ಟರೆ ಮಗು ಹೊರಗೆ ತಲೆ ತಗ್ಗಿಸುತ್ತದೆ.

ಇನ್ನೊಂದು ಮಾತು ಯಜಮಾನರಿಗೆ ಕೇಳಿ. ಸಿಟ್ಟು ಬರಬಾರದು. ಅತ್ತೆ ಹುಲಿಗಿಗೆ ಹರಕೆ ಹೊತ್ತು "ಹುಲುಗಪ್ಪ ಅಂತಲೋ ಹುಲಿಗೆಮ್ಮ ಅಂತಲೋ ಇಡಬೇಕು" ಅಂದಿದ್ದರೆ ಅವರು ಖುಷಿಯಿಂದ ಒಪ್ಪುತ್ತಿದ್ದರಾ? ನನಗೆ ಸಂಶಯ. ನಮ್ಮ ಹುಡುಗರು ಪಟ್ಟಣಕ್ಕೆ ಹೋಗಿ ಮೊದಲು ಮಾಡುವ ಕೆಲಸ ಹೆಸರು ಕತ್ತರಿಸುವುದು. ಹುಲುಗಪ್ಪ ಹುಲಿಗೇಶ ಆಗುತ್ತಾನೆ. ತಿಪ್ಪಣ್ಣ ತಿಪ್ಪೇಶ ಆಗುತ್ತಾನೆ. ದುರುಗಪ್ಪ ದುರ್ಗೇಶ. ದ್ಯಾವಮ್ಮ ದಿವ್ಯಾ. ಹೆಣ್ಣುಮಕ್ಕಳು ಅಮ್ಮ ಅನ್ನೋದನ್ನು ಹೈಸ್ಕೂಲು ಮುಗಿಯುವುದರೊಳಗೇ ಬಿಟ್ಟಿರುತ್ತಾರೆ. ಇದರಲ್ಲಿ ಹಿಂದೂ ಮುಸ್ಲಿಂ ಏನೂ ಇಲ್ಲ. ಹಳ್ಳಿ ಹೆಸರು ಅನ್ನೋ ನಾಚಿಕೆ, ಅಷ್ಟೇ. ಹೆಸರಿನ ಬಗ್ಗೆ ಕೇಳಿಕೊಂಡು ಬಂದವರ ಜೊತೆ ಕೂತು ಮಾತಾಡಿದಾಗ ನನಗೆ ಅನಿಸಿದ್ದು ಇದು: "ಧರ್ಮದ್ದು ಸಮಸ್ಯೆ ಮೇಡಂ" ಅಂತ ಶುರು ಮಾಡುತ್ತಾರೆ, ಅರ್ಧ ತಾಸು ಆದ ಮೇಲೆ "ಅಲ್ಲ ಮೇಡಂ, ಹುಸೇನಪ್ಪ ಅಂದ್ರೆ ಎತ್ತು ಕಾಯೋರ ಹೆಸರು ಇದ್ದಂಗ ಐತಿ" ಅಂತ ನಿಜ ಹೊರಗೆ ಬರುತ್ತದೆ. ನಿಮ್ಮ ಮನೆಯಲ್ಲಿ ಯಾವುದು ಕಾರಣ ಅನ್ನೋದನ್ನು ಗಂಡ ಹೆಂಡತಿ ಇಬ್ಬರೇ ಕೂತು ಪ್ರಾಮಾಣಿಕವಾಗಿ ಮಾತಾಡಿ. ಹಳ್ಳಿ ಹೆಸರು ಬೇಡ ಅನ್ನೋದೂ ಒಂದು ಕಾರಣವೇ. ಆದರೆ ಅದಕ್ಕೆ ಧರ್ಮದ ಬಣ್ಣ ಬಳಿದು ಅತ್ತೆಯ ಮುಂದೆ ಇಡಬೇಡಿ. ಆ ಮುದುಕಿಗೆ ಅದು ಅರ್ಥ ಆಗುವುದೂ ಇಲ್ಲ.

ಮುಸ್ಲಿಮರಿಗೆ ಬೇಸರ ಆಗುತ್ತಾ ಅಂತ ನೀವು ಕೇಳಿಲ್ಲ, ಆದರೆ ಕೆಲವರು ಕೇಳುತ್ತಾರೆ. ನಮ್ಮ ಸೀಮೆಯಲ್ಲಿ ಆಗುವುದಿಲ್ಲ. ಅಲಾಯಿ ಹಬ್ಬವೇ ತಮ್ಮ ಧರ್ಮದ ಪ್ರಕಾರ ಸರಿಯಲ್ಲ, ಆಲಂ ಮುಂದೆ ಕುಣಿಯಬಾರದು, ಹರಕೆ ಕಟ್ಟಬಾರದು ಅನ್ನುವ ಮುಸ್ಲಿಮರು ಇದ್ದಾರೆ. ಅದು ಅವರ ಒಳಗಿನ ಚರ್ಚೆ. ಪೂಜೆಯ ಬಗ್ಗೆ ಅವರ ತಕರಾರು, ಹೆಸರಿನ ಬಗ್ಗೆ ಅಲ್ಲ. ಹುಸೇನರ ಹೆಸರನ್ನು ಪಕ್ಕದ ಮನೆಯವರು ಪ್ರೀತಿಯಿಂದ ಇಟ್ಟುಕೊಂಡರೆ ಯಾರಿಗೆ ಏನು? ನಿಮ್ಮ ಪಕ್ಕದ ಸುರಪುರ ಸೀಮೆಯ ತಿಂಥಣಿ ಮೌನೇಶ್ವರನ ಜಯಘೋಷದಲ್ಲೇ ಪೀರ್ ಅನ್ನೋ ಮಾತಿದೆ. ಜಾತ್ರೆಯಲ್ಲಿ ಅದನ್ನು ಕೂಗುವವರು ಯಾವ ಧರ್ಮದವರು ಅಂತ ಯಾರೂ ಎಣಿಸುತ್ತಾ ಕೂರುವುದಿಲ್ಲ. ಆ ದೇವರಿಂದ ಮೌನೇಶ, ಮೌನಮ್ಮ ಅಂತ ಹೆಸರುಗಳು ಬಂದಿವೆ. ಅವಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ, ಯಾಕಂದರೆ ಕಿವಿಗೆ ಸಂಸ್ಕೃತದ ಹಾಗೆ ಕೇಳಿಸುತ್ತದೆ.

ಈಗ ನಾದಿನಿಯ ಸಲಹೆ. ಹುಡುಗಿ ಚುರುಕಾಗಿದ್ದಾಳೆ, ಆದರೆ ಈ ವಿಷಯದಲ್ಲಿ ನಾನು ಅವಳ ಪಕ್ಷ ಅಲ್ಲ. ಬಾಲ ಇಲ್ಲದೆಯೂ ಗಂಡಿಗೂ ಹೆಣ್ಣಿಗೂ ಹೊಂದುವ ದೇವರ ಹೆಸರುಗಳು ನಮ್ಮಲ್ಲಿ ಇಲ್ಲ ಅಂತಲ್ಲ. ಶರಣು ಅಂತ ಕರೆದರೆ ಶರಣಪ್ಪನೂ ತಿರುಗುತ್ತಾನೆ, ಶರಣಮ್ಮನೂ ತಿರುಗುತ್ತಾಳೆ. ಆದರೆ ಬರೀ ಹುಸೇನ್ ಅಂದರೆ ಇಡೀ ಜಗತ್ತಿಗೆ ಅದು ಗಂಡಸಿನ ಹೆಸರು. ಹೆಣ್ಣುಮಗುವಿಗೆ ಇಟ್ಟರೆ ಆಸ್ಪತ್ರೆ ಚೀಟಿಯಿಂದ ಹಿಡಿದು ರೈಲು ಟಿಕೆಟ್ಟಿನವರೆಗೆ ಎಲ್ಲ ಕಡೆ ಗಂಡು ಅಂತಲೇ ಬರೆಯುತ್ತಾರೆ. ಗಂಡುಮಗುವಿಗೆ ಇಟ್ಟರೂ ಒಂದು ನಷ್ಟ ಇದೆ. ಅಪ್ಪ, ಅಮ್ಮ ಇದ್ದದ್ದರಿಂದಲೇ ಅದು ರಾಯಚೂರಿನ ಹೆಸರು ಆಗಿತ್ತು. ಹುಸೇನಪ್ಪ ಅಂದ ಕೂಡಲೇ ನಮ್ಮ ಕಡೆ ಬಲ್ಲವರು "ಓ, ಮೊಹರಂ ಹರಕೆ" ಅಂತ ಗುರುತು ಹಿಡಿಯುತ್ತಾರೆ. ಬಾಲ ಕತ್ತರಿಸಿದರೆ ಆ ಗುರುತು ಹೋಗುತ್ತದೆ, ಯಜಮಾನರು ಯಾವುದಕ್ಕೆ ಹೆದರಿದ್ದಾರೋ ಆ ಗೊಂದಲ ಮಾತ್ರ ಉಳಿಯುತ್ತದೆ. ಸ್ಟೈಲಿಗೆ ಅಂತ ಸುಮ್ನೆ ಇಡುವ ಹೆಸರಲ್ಲ ಇದು. ಇಟ್ಟರೆ ಪೂರ್ತಿ ಇಡಿ.

ಇಟ್ಟ ಮೇಲೆ ತಂದೆಯ ಹೆಸರನ್ನೂ ಪೂರ್ತಿ ಬರೆಸಿ. ನಮ್ಮ ಕಡೆಯ ಹಳೇ ಕಾಗದಪತ್ರಗಳಲ್ಲಿ 'ಹುಸೇನಪ್ಪ ತಂದೆ ಬಸಪ್ಪ' ಅಂತ ಬರೆಯುವ ರೂಢಿ ಇತ್ತು, ಈಗಲೂ ಇದೆ. ಎಷ್ಟು ಜಾಣ ರೂಢಿ ನೋಡಿ. ಪಕ್ಕದಲ್ಲೇ ತಂದೆಯ ಹೆಸರು ಇದ್ದರೆ ಯಾರಿಗೂ ಏನೂ ವಿವರಿಸಬೇಕಾಗಿಲ್ಲ. ಬೆಂಗಳೂರಿಗೆ ಹೋಗಿ ಅದನ್ನು ಒಂದಕ್ಷರದ ಇನಿಶಿಯಲ್ ಮಾಡಿದರೆ 'ಬಿ. ಹುಸೇನಪ್ಪ' ಆಗುತ್ತದೆ, ಆಗ ಪ್ರಶ್ನೆಗಳು ಶುರು. ಹಾಗಾಗಿ ಇನಿಶಿಯಲ್ ಬೇಡ. ಮಗುವಿನ ಹೆಸರು, ತಂದೆಯ ಪೂರ್ಣ ಹೆಸರು, ಬೇಕಿದ್ದರೆ ಮನೆತನದ ಹೆಸರು.

ಒಂದು ವೇಳೆ ನಿಮ್ಮಿಬ್ಬರಿಗೂ ಈ ಹೆಸರು ಬೇಡವೇ ಬೇಡ ಅನಿಸಿದರೆ? ಆಗ ಅತ್ತೆಯ ಹತ್ತಿರ ಹೋಗಿ ಕೂತು ನಿಧಾನವಾಗಿ ಕೇಳಿ, ದೇವರ ಮುಂದೆ ಏನಂತ ಬೇಡಿಕೊಂಡಿದ್ದೀರಿ ಅಂತ. ಹರಕೆಗಳಲ್ಲಿ ತರಾವರಿ ಇವೆ. ಕೆಲವರು ಸಕ್ಕರೆ ಓದಿಸುತ್ತೇನೆ ಅಂದಿರುತ್ತಾರೆ. ಕೆಲವರು ಮಗುವನ್ನು ಫಕೀರ ಮಾಡುತ್ತೇನೆ ಅಂದಿರುತ್ತಾರೆ. ಕೆಲವರು ನಿನ್ನ ಹೆಸರು ಹಿಡಿದು ಕರೆಯುತ್ತೇನೆ ಅಂದಿರುತ್ತಾರೆ. ಹೆಸರು ಹಿಡಿದು ಕರೆಯುವ ಹರಕೆಯಾದರೆ ತೊಟ್ಟಿಲಲ್ಲಿ ಇಟ್ಟರೂ ತೀರುತ್ತದೆ ಅಂತ ನಮ್ಮ ಕಡೆ ಹಿರಿಯರು ಒಪ್ಪುತ್ತಾರೆ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ, ಅಂದರೆ ನಿಮ್ಮ ಆ ನಾದಿನಿಯೇ, ಕೂಸಿನ ಕಿವಿಯಲ್ಲಿ ಕುರ್ರ್ ಅಂತ ಹೆಸರು ಹೇಳುತ್ತಾಳೆ, ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದುತ್ತಾರೆ. ಆಗ ಮೊದಲ ಹೆಸರು ಹುಸೇನಪ್ಪನದೋ ಹುಸೇನಮ್ಮನದೋ ಇರಲಿ. ಎರಡನೆಯದು ನೀವು ಮೆಚ್ಚಿದ ಹೆಸರು, ಅದು ದಾಖಲೆಗೆ. ಹೀಗೆ ಎರಡು ಹೆಸರಿರುವ ಜನ ನಮ್ಮಲ್ಲಿ ಬೇಕಾದಷ್ಟು. ಆದರೆ ಕದ್ದುಮುಚ್ಚಿ ಮಾಡಬೇಡಿ. ತೊಟ್ಟಿಲಲ್ಲಿ ಒಂದು ಇಟ್ಟು, ಅತ್ತೆಗೆ ಹೇಳದೆ ಸರ್ಟಿಫಿಕೇಟಿನಲ್ಲಿ ಇನ್ನೊಂದು ಬರೆಸಿ, ಶಾಲೆಗೆ ಸೇರಿಸುವಾಗ ಅದು ಬಯಲಾಗಿ ಮನೆ ರಣರಂಗ ಆಗುವುದು ಬೇಡ. ಮೊದಲೇ ಹೇಳಿ, ಒಪ್ಪಿಸಿ. ಮೊಮ್ಮಗುವನ್ನು ವರ್ಷಕ್ಕೊಮ್ಮೆ ಮೊಹರಮ್ಮಿಗೆ ಊರಿಗೆ ಕರೆತರುತ್ತೇವೆ, ಫಕೀರ ಮಾಡಿಸುತ್ತೇವೆ ಅಂದರೆ ಅವರು ಒಪ್ಪುವ ಸಾಧ್ಯತೆ ಜಾಸ್ತಿ. ಮೊಹರಂ ವರ್ಷಾ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ, ಶಾಲೆಯ ರಜೆಗೆ ಪ್ರತಿಸಲ ಹೊಂದುವುದಿಲ್ಲ. ಮಾತು ಕೊಡುವ ಮುಂಚೆ ಅದನ್ನು ನೆನಪಿಟ್ಟುಕೊಳ್ಳಿ.

ಅತ್ತೆ "ಇಲ್ಲ, ಹೆಸರು ಅಂದರೆ ಹೆಸರೇ" ಅಂದರೆ? ಆಗ ನಾನಾದರೆ ಇಟ್ಟುಬಿಡುತ್ತೇನೆ. ಆದರೆ ಅದು ನಾನು. ನನ್ನ ಮಕ್ಕಳು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿಲ್ಲ. ನಿಮ್ಮ ಯಜಮಾನರ ಮಾತಿಗೂ ತೂಕ ಕೊಡಿ.

ನಿರ್ಧಾರಕ್ಕೆ ಅವಸರ ಬೇಡ. ಹೆರಿಗೆಯಾದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ಆದರೆ ಆಗಲೇ ಹೆಸರು ಬರೆಸಬೇಕು ಅಂತೇನಿಲ್ಲ. ಹೆಸರಿಲ್ಲದೆ ನೋಂದಣಿ ಮಾಡಿಸಬಹುದು. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಅದು ದಾಟಿದರೆ ತಡ ಶುಲ್ಕ ಕಟ್ಟಿ 15 ವರ್ಷದವರೆಗೂ ಅವಕಾಶ ಇದೆ. ಆಸ್ಪತ್ರೆಯಲ್ಲಿ ಅವಸರ ಮಾಡಿದರೆ "ಹೆಸರು ಇನ್ನೂ ಇಟ್ಟಿಲ್ಲ" ಅಂತ ಹೇಳಿ. ಸುಮ್ನೆ ಬಾಯಿಗೆ ಬಂದ ಹೆಸರು ಬರೆಸಬೇಡಿ, ಒಮ್ಮೆ ಏರಿದ ಹೆಸರು ಬದಲಿಸುವುದು ಸೇರಿಸುವಷ್ಟು ಸುಲಭ ಅಲ್ಲ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಹುಟ್ಟಿದ ದಿನ ಮತ್ತು ಊರಿಗೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿರುವ ಹೆಸರೇ ಮುಂದೆ ಎಲ್ಲ ಕಡೆ ನಡೆಯುವುದು.

ಕೊನೆಗೆ ಸ್ಪೆಲ್ಲಿಂಗ್ ವಿಷಯ. ಹುಸೇನ ಅನ್ನೋದನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಎಸ್ ಒಂದೋ ಎರಡೋ, ನಡುವೆ ಎ ಮತ್ತು ಐ ಇರಬೇಕೋ ಬರೀ ಇ ಸಾಕೋ, ಕೊನೆಗೆ ಪಿ ಒಂದೋ ಎರಡೋ. ಯಾವುದಾದರೂ ಆಗಲಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲಾತಿ ಮೂರರಲ್ಲೂ ಅದೇ ಇರಲಿ. ಮಗು ಎಸ್ಸೆಸ್ಸೆಲ್ಸಿಗೆ ಬಂದಾಗ ಮಾರ್ಕ್ಸ್ ಕಾರ್ಡಿಗೆ ಹೋಗುವ ಹೆಸರನ್ನು ಪರಿಶೀಲಿಸಲು ಶಾಲೆಯಲ್ಲಿ ಪಟ್ಟಿ ತೋರಿಸುತ್ತಾರೆ. ಆ ದಿನ ಅದೇ ಚೀಟಿ ತೆಗೆದುಕೊಂಡು ಹೋಗಿ ತಾಳೆ ನೋಡಿ.